ತಲೆಕೆಳಗಾದರೆ ಸೊಂಟ ಸರಿಹೋದೀತೇ?

ಮೈಸೂರಿನಲ್ಲಿ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಒಂದು ಕಬ್ಬಿಣದ ಸಾಧನ ನಿಂತಿದೆ. ಗೊತ್ತಿಲ್ಲದವರು ಇಸ್ತ್ರಿ ಮೇಜೋ ಮಡಚುವ ಮಂಚವೋ ಅಂದುಕೊಳ್ಳಬೇಕು. ನಾನು ಕಳೆದ ಬಾರಿ ಹೋದಾಗ ಅದರ ಮೇಲೆ ಎರಡು ಟವೆಲ್ಲು, ಭಾವನ ಪಂಚೆ, ಒಂದು ಸ್ವೆಟರು ಒಣಗುತ್ತಿದ್ದವು. ಬ್ಯಾಂಕಿನಿಂದ ನಿವೃತ್ತರಾದ ವರ್ಷ ಭಾವ 18,000 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿಕೊಂಡ ಇನ್ವರ್ಷನ್ ಟೇಬಲ್ ಅದು. ಮೂವತ್ತು ವರ್ಷ ಕುರ್ಚಿಗೆ ಅಂಟಿಕೊಂಡು ಕೂತ ಸೊಂಟಕ್ಕೆ ನಿವೃತ್ತಿ ಕಾಲದಲ್ಲಿ ಕೊಟ್ಟ ಉಡುಗೊರೆ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಹಿಂದೊಂದು ಸಲ ನಾನು ಹೋದಾಗ ನನಗೂ ಸೊಂಟ ಹಿಡಿದುಕೊಂಡಿತ್ತು. ಬಸ್ಸಿನಲ್ಲಿ ಕೂತು ಬಂದದ್ದಕ್ಕೋ, ಲಗೇಜು ಎತ್ತಿದ್ದಕ್ಕೋ ಗೊತ್ತಿಲ್ಲ, ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. “ಬಾರಯ್ಯ, ಎರಡು ನಿಮಿಷ ನೇತಾಡು, ಆಮೇಲೆ ಮಾತಾಡು” ಎಂದು ಭಾವ ಮೇಲಕ್ಕೆ ಕರೆದೊಯ್ದರು. ಟವೆಲ್ಲು ತೆಗೆದು ಪಕ್ಕಕ್ಕಿಟ್ಟರು. ಹಲಗೆಗೆ ಬೆನ್ನು ಕೊಟ್ಟು ನಿಂತೆ. ಎರಡೂ ಕಾಲಿನ ಹರಡನ್ನು ಸ್ಪಂಜು ಸುತ್ತಿದ ಕಂಬಿಗಳ ನಡುವೆ ಸಿಕ್ಕಿಸಿ ಅವರು ಪಿನ್ ಹಾಕಿದರು. ಕೈ ಮೇಲೆತ್ತಿದ್ದೇ ತಡ, ತಕ್ಕಡಿಯ ತಟ್ಟೆ ವಾಲಿದಂತೆ ಹಲಗೆ ಹಿಂದಕ್ಕೆ ವಾಲಿತು. ಜೇಬಿನಿಂದ ಚಿಲ್ಲರೆ, ಬಸ್ ಟಿಕೆಟ್ಟು, ಪೆನ್ನು ಒಂದೊಂದಾಗಿ ನೆಲಕ್ಕೆ ಬಿದ್ದವು. ಮುಖಕ್ಕೆ ರಕ್ತ ನುಗ್ಗಿತು. ಆಮೇಲೆ, ಸೊಂಟದ ಕೆಳಭಾಗದಲ್ಲಿ ಯಾರೋ ಬಿಗಿಯಾಗಿ ಹಿಡಿದಿದ್ದ ಮುಷ್ಟಿ ಬಿಚ್ಚಿದ ಹಾಗಾಯಿತು. ಉಸಿರು ತಾನಾಗಿ ಹೊರಬಂತು. ಬಾಗಿಲಲ್ಲಿ ನಿಂತ ಅಕ್ಕ, “ನೋಡು, ಮನೇಲಿ ಇನ್ನೊಂದು ಬಾವಲಿ” ಅಂದಳು.

ಎದ್ದದ್ದೇ ಎಡವಟ್ಟಾಯಿತು. ಉತ್ಸಾಹದಲ್ಲಿ ಗಬಕ್ಕನೆ ನೆಟ್ಟಗಾದೆ. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತೆ. ಆದರೆ ಅರ್ಧ ಗಂಟೆ ಕಾಲ ನೋವು ನಿಜವಾಗಿಯೂ ಇರಲಿಲ್ಲ. ಊಟಕ್ಕೆ ಕೂತು ಏಳುವ ಹೊತ್ತಿಗೆ ಮತ್ತೆ ಹಾಜರಾಯಿತು.

ಆ ಅರ್ಧ ಗಂಟೆ ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಲ್ಲಿದೆ.

ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕುಗಳಿವೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ಹಿಡಿದಿಟ್ಟುಕೊಂಡ ಲೋಳೆಯಂಥ ತಿರುಳು. ಸೊಂಟದ ಐದು ಮಣಿಗಳಲ್ಲಿ ಕೆಳಗಿನ ಎರಡು ಡಿಸ್ಕುಗಳ ಮೇಲೆ, ಅಂದರೆ ಸ್ಕ್ಯಾನ್ ವರದಿಗಳಲ್ಲಿ ಎಲ್4-ಎಲ್5, ಎಲ್5-ಎಸ್1 ಎಂದು ಬರೆಯುವ ಜಾಗದಲ್ಲಿ, ಭಾರ ಹೆಚ್ಚು, ತಕರಾರೂ ಹೆಚ್ಚು. ದೊಡ್ಡವರ ಡಿಸ್ಕಿಗೆ ಒಳಗೆ ರಕ್ತನಾಳವಿಲ್ಲ. ಅದರ ಊಟವೆಲ್ಲ ಸುತ್ತಲಿಂದ ಜಿನುಗಿ ಬರಬೇಕು. ಹಗಲು ಭಾರ ಬಿದ್ದಾಗ ನೀರು ಹಿಂಡಿ ಹೋಗುತ್ತದೆ, ರಾತ್ರಿ ಮಲಗಿದಾಗ ಹೀರಿಕೊಂಡು ಮತ್ತೆ ಉಬ್ಬುತ್ತದೆ. ಹಾಗಾಗಿಯೇ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಇದ್ದ ಎತ್ತರ ಸಂಜೆಗೆ ನಮ್ಮಲ್ಲಿ ಯಾರಿಗೂ ಇರುವುದಿಲ್ಲ. ಒಂದೂವರೆ ಸೆಂಟಿಮೀಟರಿನಷ್ಟು ಕುಗ್ಗಿರುತ್ತೇವೆ. ಅದರಲ್ಲಿ ಅರ್ಧಕ್ಕರ್ಧ ಎದ್ದ ಮೊದಲ ಒಂದು ಗಂಟೆಯಲ್ಲೇ ಕುಗ್ಗಿ ಹೋಗಿರುತ್ತದೆ.

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಡಿಸ್ಕಿಗೇ ಸೂಜಿ ಚುಚ್ಚಿ ಒಳಗಿನ ಒತ್ತಡ ಅಳೆದರು. ನಿಂತಾಗಿನ ಒತ್ತಡ 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ ಅದು 25. ಮುಂದಕ್ಕೆ ಬಾಗಿ ಕೂತರೆ 185. ಕೂರುವ ಭಂಗಿಯ ಲೆಕ್ಕವನ್ನು ಮುಂದೆ ಬಂದವರು ತಿದ್ದಿದರು. ಆದರೆ ಮಲಗಿದರೆ ಭಾರ ಇಳಿಯುತ್ತದೆ ಎಂಬುದನ್ನು ಯಾರೂ ತಿದ್ದಲಿಲ್ಲ. ಮಲಗಿದರೇ ಇಷ್ಟು ಇಳಿಯುವುದಾದರೆ ತಲೆಕೆಳಗಾಗಿ ನೇತಾಡಿದರೆ ಇನ್ನೆಷ್ಟು? ಈ ಮೇಜಿನ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಲೆಕ್ಕ ಸುಲಭ. ಸೊಂಟದಿಂದ ಮೇಲಿನ ಭಾಗ ದೇಹದ ತೂಕದ ಅರ್ಧಕ್ಕಿಂತ ತುಸು ಹೆಚ್ಚು. 70 ಕೆ.ಜಿ. ಮನುಷ್ಯನಲ್ಲಿ ಸುಮಾರು 35ರಿಂದ 40 ಕೆ.ಜಿ. ನಿಂತಾಗ ಇದು ಡಿಸ್ಕನ್ನು ಅದುಮುತ್ತದೆ. ಕಾಲು ಕಟ್ಟಿ ತಲೆ ಕೆಳಗೆ ಮಾಡಿದರೆ ಅದೇ ಭಾರ ಮಣಿಗಳನ್ನು ಒಂದರಿಂದೊಂದು ಎಳೆಯುತ್ತದೆ. 60 ಡಿಗ್ರಿ ವಾಲಿದರೆ ಪೂರ್ತಿ ಎಳೆತದ ಶೇ 87ರಷ್ಟು ಬರಬೇಕು, 30 ಡಿಗ್ರಿಗೆ ಅರ್ಧ. ಬೆನ್ನು ಹಲಗೆಗೆ ಒರಗಿ ಉಜ್ಜುವುದರಿಂದ ಅದರಲ್ಲೂ ಒಂದಷ್ಟು ಸೋರಿ ಹೋಗುತ್ತದೆ. ಪೂರ್ತಿ ನೆಟ್ಟಗೆ ತಲೆಕೆಳಗಾಗಿ ನೇತಾಡಿದರೆ ಸಿಗುವ ಹೆಚ್ಚಿನ ಲಾಭ ಅತ್ಯಲ್ಪ. ಭಯದಿಂದ ಸ್ನಾಯು ಬಿಗಿಹಿಡಿದರೆ ಅದೂ ಇಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. “ಇದೇನು ಮಹಾ, ನಮ್ಮ ಶೀರ್ಷಾಸನ ತಾನೇ” ಎನ್ನುವವರು ಬಹಳ. ಅಲ್ಲ. ಶೀರ್ಷಾಸನದಲ್ಲಿ ಕಾಲುಗಳು, ಪೃಷ್ಠ ಎಲ್ಲವೂ ಸೊಂಟದ ಡಿಸ್ಕಿನ ಮೇಲೆ ಕೂತಿರುತ್ತವೆ. ಮುಂಡದ ಭಾರ ಕುತ್ತಿಗೆ, ತಲೆ, ಮುಂಗೈಗಳ ಮೇಲೆ ಬೀಳುತ್ತದೆ. ಅಲ್ಲಿ ಎಳೆತವಿಲ್ಲ, ಅದುಮುವುದೇ ಇದೆ, ದಿಕ್ಕು ಮಾತ್ರ ಬೇರೆ. ನೇತಾಡುವುದು ಬೇರೆ, ತಲೆಯ ಮೇಲೆ ನಿಲ್ಲುವುದು ಬೇರೆ.

ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಇನ್‌ಫ್ಲುಯೆಂಜಾ ಊರೂರು ಬಳಿದುಕೊಂಡು ಹೋಗುತ್ತಿದ್ದ ವರ್ಷ. ಬಾಲ್ಯವೆಲ್ಲ ಕಾಯಿಲೆ. ಮೈಸೂರಿಗೆ ಬಂದು ತಮ್ಮ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು, ಮುಂದೆ ಪುಣೆಗೆ ಹೋಗಿ ನೆಲೆಸಿದರು. ಅವರ ಶಾಲೆಗಳಲ್ಲಿ ಗೋಡೆಗೆ ಕೊಕ್ಕೆ ಬಡಿದು ಹಗ್ಗ ಕಟ್ಟಿರುತ್ತಾರೆ. ಹಗ್ಗದ ಮೇಲೆ ಕಂಬಳಿ ಮಡಚಿ ಹಾಕಿ, ಅದನ್ನು ತೊಡೆಸಂದಿಗೆ ಕೊಟ್ಟು, ಕಾಲು ಗೋಡೆಗೆ ಊರಿ, ಮುಂಡವನ್ನು ಕೆಳಗೆ ಇಳಿಬಿಡುವುದು. ಬೊಂಬೆಯಾಟದ ಬೊಂಬೆ ದಾರದಲ್ಲಿ ತೂಗುವ ಹಾಗೆ. ತಲೆ ನೆಲಕ್ಕೆ ತಾಗುವುದಿಲ್ಲ, ಕುತ್ತಿಗೆಗೆ ಭಾರವಿಲ್ಲ. ಭಾವನ ಮೇಜಿಗಿಂತ ಇದು ಒಂದು ವಿಷಯದಲ್ಲಿ ಜಾಣತನದ್ದು: ಹಿಡಿತ ಇರುವುದು ಸೊಂಟದ ಬುಡದಲ್ಲಿ, ಕಾಲಿನ ಹರಡಿನಲ್ಲಲ್ಲ. ಮೇಜಿನಲ್ಲಿ ಎಳೆತವೆಲ್ಲ ಹರಡು, ಮಂಡಿ, ತೊಡೆಕೀಲು ದಾಟಿಕೊಂಡೇ ಸೊಂಟಕ್ಕೆ ಬರಬೇಕು. ಮಂಡಿ ಸವೆದವರಿಗೆ ಸೊಂಟದ ನೋವು ಇಳಿಯುವ ಮೊದಲು ಮಂಡಿ ನೋವು ಶುರುವಾಗುವುದು ಇದರಿಂದಲೇ.

ತಲೆಕೆಳಗು ಮಾಡುವ ಚಿಕಿತ್ಸೆ ಯೋಗಶಾಲೆಗಿಂತಲೂ ಹಳೆಯದು. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಸಿನಲ್ಲಿ ಗೂನು ಬೆನ್ನಿನವರನ್ನು ಏಣಿಗೆ ಕಟ್ಟಿ, ಗೂನು ಕೆಳಗಿದ್ದರೆ ತಲೆ ಕೆಳಗೆ ಮಾಡಿ, ಎತ್ತರದ ಗೋಡೆಯಿಂದ ಏಣಿಯನ್ನು ಧಡ್ಡೆಂದು ಇಳಿಬಿಡುತ್ತಿದ್ದರಂತೆ. ಕೀಲುಗಳ ಬಗೆಗಿನ ಗ್ರಂಥದಲ್ಲಿ ಹಿಪಾಕ್ರಟಿಸ್ ಇದನ್ನು ವಿವರವಾಗಿ ಬರೆದಿದ್ದಾನೆ. ಬರೆದು, ತನಗೆ ಹೀಗೆ ಚಿಕಿತ್ಸೆ ಮಾಡಲು ನಾಚಿಕೆಯಾಗುತ್ತಿತ್ತು, ಇದು ಜನ ಬಾಯಿ ಬಿಟ್ಟು ನೋಡಲಿ ಎಂದು ಮೋಸಗಾರರು ಮಾಡುವ ಆಟ ಎಂಬರ್ಥದ ಮಾತನ್ನೂ ಸೇರಿಸಿದ್ದಾನೆ. ವೈದ್ಯಶಾಸ್ತ್ರದ ಪಿತಾಮಹ ಎನಿಸಿಕೊಂಡವನ ಈ ಸಂಕೋಚ ನನಗೆ ಬಹಳ ಹಿಡಿಸಿತು.

ನಮ್ಮಲ್ಲೂ ಇಂಥ ನೋಡುವ ಆಟ ಇದ್ದೇ ಇದೆ. ಹಳ್ಳಿಯಲ್ಲಿ ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಬೆನ್ನಿಗೆ ಒದೆಸಿಕೊಳ್ಳುವುದು. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಆ ಯೋಗ್ಯತೆ ಇತ್ತು. ದೊಡ್ಡ ದೊಡ್ಡ ಗಂಡಸರು ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಅಜ್ಜಿ ಸೀರೆ ಎತ್ತಿ ಕಟ್ಟಿ ಎಡಗಾಲಲ್ಲಿ ಮೂರು ಸಲ ಮೆಲ್ಲಗೆ ತಾಗಿಸುತ್ತಿದ್ದಳು. ಬಹುಪಾಲು ಜನಕ್ಕೆ ವಾಸಿಯೂ ಆಗುತ್ತಿತ್ತು. ಯಾಕೆಂದರೆ ದಿಢೀರನೆ ಬಂದ ಸೊಂಟನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಒದೆಸಿಕೊಂಡರೂ ಆಗುತ್ತದೆ, ನೇತಾಡಿದರೂ ಆಗುತ್ತದೆ, ಸುಮ್ಮನೆ ಓಡಾಡಿಕೊಂಡಿದ್ದರೂ ಆಗುತ್ತದೆ. ಸೊಂಟನೋವಿನ ಯಾವುದೇ ಔಷಧಿಯ ಗುಣಗಾನ ಕೇಳುವಾಗ ಈ ಮಾತು ನೆನಪಿನಲ್ಲಿರಬೇಕು.

ಈಗಿನ ಮೇಜಿನ ಮೂಲಪುರುಷ ಕ್ಯಾಲಿಫೋರ್ನಿಯಾದ ವೈದ್ಯ ರಾಬರ್ಟ್ ಮಾರ್ಟಿನ್. ಕಾಲಿಗೆ ಕೊಕ್ಕೆಯ ಬೂಟು ಹಾಕಿ ಕಂಬಿಗೆ ನೇತಾಡುವ ಪದ್ಧತಿಯನ್ನು ಆತ ಪ್ರಚಾರ ಮಾಡಿದ. 1980ರಲ್ಲಿ ಬಂದ ‘ಅಮೆರಿಕನ್ ಜಿಗೋಲೊ’ ಸಿನಿಮಾದಲ್ಲಿ ನಟ ರಿಚರ್ಡ್ ಗೇರ್ ಹಾಗೆ ನೇತಾಡಿ ಕಸರತ್ತು ಮಾಡಿದ್ದೇ ಅಮೆರಿಕದಲ್ಲಿ ಆ ಬೂಟಿಗೆ ಗಿರಾಕಿಗಳು ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ರಕ್ತದೊತ್ತಡ, ಕಣ್ಣಿನ ಬಗ್ಗೆ ವೈದ್ಯರು ಎಚ್ಚರಿಸತೊಡಗಿದರು. ಹುಚ್ಚು ಇಳಿಯಿತು. ಬೂಟಿನ ಜಾಗಕ್ಕೆ ಕೋನ ಹೊಂದಿಸಬಹುದಾದ ಮೇಜು ಬಂತು.

ಇನ್ನು ಪುರಾವೆ. ಮೇಜು ಮಾರುವವರು ಮರೆಯದೆ ಹೇಳುವ ಒಂದು ಅಧ್ಯಯನವಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದದ್ದು, ಪ್ರಕಟವಾದದ್ದು 2012ರಲ್ಲಿ. ಒಂದೇ ಡಿಸ್ಕ್ ಜಾರಿ, ಆಪರೇಷನ್ನಿಗೆ ಕಾದಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫಿಸಿಯೋಥೆರಪಿ ಜೊತೆಗೆ ತಲೆಕೆಳಗಿನ ಎಳೆತ, ಇನ್ನೊಂದಕ್ಕೆ ಬರೀ ಫಿಸಿಯೋಥೆರಪಿ ಕೊಟ್ಟರು. ನೇತಾಡಿದ 13 ಮಂದಿಯಲ್ಲಿ 10 ಮಂದಿಗೆ ಆಪರೇಷನ್ ಬೇಕಾಗಲಿಲ್ಲ. ಅಂದರೆ ಶೇ 77. ಇನ್ನೊಂದು ಗುಂಪಿನಲ್ಲಿ ತಪ್ಪಿದ್ದು ಇಬ್ಬರಿಗೆ ಮಾತ್ರ. ಜಾಹೀರಾತಿನಲ್ಲಿ ಕಾಣುವುದು ಆ 77. ಆ 13 ಕಾಣುವುದಿಲ್ಲ. ಮದುವೆ ಮನೆಯ ಒಂದು ಪಂಕ್ತಿಗೂ ಸಾಲದಷ್ಟು ಜನರ ಮೇಲೆ ನಡೆದ, ‘ಇದು ಪ್ರಾಯೋಗಿಕ ಮಾತ್ರ’ ಎಂದು ಮಾಡಿದವರೇ ಕರೆದುಕೊಂಡ ಅಧ್ಯಯನ. ಅವರೆಲ್ಲ ಎಂ.ಆರ್.ಐ. ಆಗಿ, ನರದ ತಜ್ಞರ ಕಣ್ಣೆದುರು ಚಿಕಿತ್ಸೆ ಪಡೆದವರು. ಮಹಡಿ ಕೋಣೆಯಲ್ಲಿ ಭಾವನ ಭರವಸೆಯ ಮೇಲೆ ನೇತಾಡಿದವರಲ್ಲ.

ಇನ್ನೊಂದು ತಟ್ಟೆಯಲ್ಲಿ ಇರುವುದು ಭಾರವಾಗಿದೆ. ಬಗೆಬಗೆಯ ಎಳೆತದ ಚಿಕಿತ್ಸೆಗಳ 32 ಪರೀಕ್ಷೆಗಳನ್ನು, 2,762 ರೋಗಿಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ, ಎಳೆತದಿಂದ ಸೊಂಟನೋವಿಗಾಗಲಿ ಓಡಾಟಕ್ಕಾಗಲಿ ಆಗುವ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ ಎಂದಿತು. ಆಸ್ಪತ್ರೆಗಳಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ ಮಂಚದ ಕೊನೆಗೆ ತೂಕ ಇಳಿಬಿಡುತ್ತಿದ್ದ ಟ್ರಾಕ್ಷನ್ನು ಹಿರಿಯರಿಗೆ ನೆನಪಿರಬಹುದು. ಅದು ಮರೆಗೆ ಸರಿದದ್ದು ಇಂಥ ಫಲಿತಾಂಶಗಳಿಂದ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕೊಟ್ಟ ಮಾರ್ಗಸೂಚಿ, ಸೊಂಟದ ಬೆಲ್ಟಿನ ಜೊತೆಗೆ ಎಳೆತವನ್ನೂ ಮಾಡಬೇಡಿ ಎಂಬ ಪಟ್ಟಿಗೆ ಸೇರಿಸಿದೆ. ಜಗತ್ತಿನಲ್ಲಿ 2020ರಲ್ಲಿ 61.9 ಕೋಟಿ ಜನಕ್ಕೆ ಸೊಂಟನೋವಿತ್ತು ಎನ್ನುವ ಸಂಸ್ಥೆಯೂ ಅದೇ. ಇಷ್ಟು ದೊಡ್ಡ ಸಂತೆಯಲ್ಲಿ ಯಾವ ಸರಕಿಗೂ ಗಿರಾಕಿ ಸಿಗುತ್ತಾನೆ.

ಎಳೆದು ಹಿಗ್ಗಿಸಿದರೆ ಬೆನ್ನಿಗೆ ಒಳ್ಳೆಯದೇ ಆಗುತ್ತದೆಂಬ ನಂಬಿಕೆಗೆ ಆಕಾಶದಿಂದಲೂ ಒಂದು ಪೆಟ್ಟು ಬಿದ್ದಿದೆ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲ. ಗಗನಯಾತ್ರಿಗಳ ಡಿಸ್ಕುಗಳು ಹಗಲೂ ರಾತ್ರಿ ಉಬ್ಬಿಕೊಂಡೇ ಇದ್ದು, ಅವರು ಶೇ 3ರವರೆಗೆ, ಅಂದರೆ ಐದು ಸೆಂಟಿಮೀಟರಿನಷ್ಟು ಎತ್ತರವಾಗುತ್ತಾರೆ. ಸೊಂಟ ಹಗುರವಾಗಬೇಕಿತ್ತಲ್ಲ? ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ದಿನಗಳಲ್ಲಿ ಬೆನ್ನುನೋವೆಂದು ನರಳುತ್ತಾರೆ. ಮಂಡಿಗಳನ್ನು ಎದೆಗೆ ಅವುಚಿಕೊಂಡು ಮುದುಡಿದರೆ ಅವರಿಗೆ ಆರಾಮ. ಭೂಮಿಗೆ ಮರಳಿದ ಮೇಲೆ ಡಿಸ್ಕ್ ಜಾರುವ ಸಂಭವವೂ ಅವರಲ್ಲಿ ನಾಲ್ಕು ಪಟ್ಟು. ಡಿಸ್ಕಿಗೆ ಬೇಕಾದದ್ದು ಭಾರವೂ ಹೌದು, ಬಿಡುವೂ ಹೌದು.

ಹಾಗಾದರೆ ನನಗೆ ಸಿಕ್ಕ ಅರ್ಧ ಗಂಟೆ? ಹಳೆಯ ಕಾಲುದಾರಿಗಳ ಪಕ್ಕದಲ್ಲಿ ಎದೆಮಟ್ಟಕ್ಕೆ ಒಂದು ಅಡ್ಡಗಲ್ಲು ನಿಲ್ಲಿಸಿರುತ್ತಿದ್ದರು, ತಲೆಹೊರೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಹೊರೆ ಇಳಿಸಿ ಸುಧಾರಿಸಿಕೊಳ್ಳಲಿ ಎಂದು. ಮೇಜು ಮಾಡುವುದು ಆ ಕಲ್ಲಿನ ಕೆಲಸ. ಬಿಗಿದ ಸ್ನಾಯು ಸಡಿಲವಾಗುತ್ತದೆ, ನರದ ಮೇಲಿನ ಒತ್ತು ಆ ಹೊತ್ತಿಗೆ ಕಡಿಮೆಯಾಗುತ್ತದೆ. ಎದ್ದು ನಿಂತರೆ ಹೊರೆ ಮತ್ತೆ ತಲೆಗೇ. ಜಾರಿದ ಡಿಸ್ಕು ಡ್ರಾಯರ್ ಮುಚ್ಚಿದ ಹಾಗೆ ಒಳಗೆ ಹೋಗಿ ಕೂರುವುದಿಲ್ಲ. ಜಾರಿದ ತಿರುಳನ್ನು ಅನೇಕರಲ್ಲಿ ದೇಹವೇ ತಿಂಗಳುಗಟ್ಟಲೆ ಕಾಲ ತೆಗೆದುಕೊಂಡು ಕರಗಿಸಿಬಿಡುತ್ತದೆ. ಸ್ಕ್ಯಾನಿನಲ್ಲಿ ‘ಡಿಸ್ಕ್ ಬಲ್ಜ್’ ಎಂದು ಕಂಡ ಕೂಡಲೇ ಹೆದರಿ ಮೇಜು ತರಿಸುವವರು ಒಂದು ಅಂಕಿ ನೋಡಬೇಕು: ಯಾವ ನೋವೂ ಇಲ್ಲದ ಐವತ್ತರ ಪ್ರಾಯದವರನ್ನು ಸ್ಕ್ಯಾನ್ ಮಾಡಿದರೂ ನೂರಕ್ಕೆ 60 ಜನರಲ್ಲಿ ಆ ಉಬ್ಬು ಇರುತ್ತದೆ.

ಈಗ ಅಪಾಯದ ಮಾತು. ಇಲ್ಲಿ ತಮಾಷೆ ಬೇಡ. ಚೆನ್ನೈನ ಶಂಕರ ನೇತ್ರಾಲಯದವರು 75 ಯೋಗಾಭ್ಯಾಸಿಗಳು ಶೀರ್ಷಾಸನದಲ್ಲಿದ್ದಾಗ ಕಣ್ಣಿನ ಒತ್ತಡ ಅಳೆದು 2006ರಲ್ಲಿ ಪ್ರಕಟಿಸಿದರು. ಒತ್ತಡ ಎರಡು ಪಟ್ಟಾಗಿತ್ತು. ಸಾಮಾನ್ಯ ಕಣ್ಣು ಅಷ್ಟನ್ನು ಸ್ವಲ್ಪ ಹೊತ್ತು ತಡೆದುಕೊಂಡೀತು. ಗ್ಲಾಕೋಮಾ ಇರುವ ಕಣ್ಣಿಗೆ ಅದು ನೇರ ಹಾನಿ. ಗ್ಲಾಕೋಮಾ ಬಂದವರಲ್ಲಿ ಎಷ್ಟೋ ಮಂದಿಗೆ ಅದು ಬಂದಿರುವುದೇ ಗೊತ್ತಿರುವುದಿಲ್ಲ, ನೋವು ಕೊಡದೆ ದೃಷ್ಟಿ ತಿನ್ನುವ ಕಾಯಿಲೆ ಅದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾದವರು, ಬಿಪಿ ಇರುವವರು, ಹೃದಯದ ತೊಂದರೆಯವರು, ಹಿಂದೆ ಪಾರ್ಶ್ವವಾಯು ಆದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಮೂಳೆ ಸವಕಲಾದ ಹೆಂಗಸರು, ಬಸುರಿಯರು, ಎದೆಗೆ ಹುಳಿ ನುಗ್ಗುವವರು, ಮಂಡಿ ಬದಲಿಸಿಕೊಂಡವರು ಈ ಮೇಜಿನ ಹತ್ತಿರ ಸುಳಿಯಬಾರದು. ಈ ಪಟ್ಟಿಯಿಂದ ಹೊರಗುಳಿಯುವ ಅರವತ್ತು ದಾಟಿದವರು ನಮ್ಮ ಬಡಾವಣೆಗಳಲ್ಲಿ ಎಷ್ಟು ಜನ ಸಿಕ್ಕಾರು? ಮೇಜು ಹೆಚ್ಚು ಬೇಕೆನಿಸುವ ವಯಸ್ಸೂ ಅದು ಹೆಚ್ಚು ಒಗ್ಗದ ವಯಸ್ಸೂ ಒಂದೇ ಆಗಿಬಿಟ್ಟಿದೆ.

ಇಷ್ಟಾದ ಮೇಲೂ ವೈದ್ಯರು ಸರಿ ಎಂದು, ಮನಸ್ಸೂ ಬಯಸಿದರೆ, ಹೇಗೆ ಮಾಡಬೇಕು ಎಂಬುದನ್ನು ಭಾವನ ಮೇಜಿನ ಅನುಭವದಿಂದ ಹೇಳಬಲ್ಲೆ. ಮೊದಲು ನಿಮ್ಮ ಎತ್ತರಕ್ಕೆ ಕಂಬಿ ಹೊಂದಿಸಿ. ಒಂದು ತೂತು ಹೆಚ್ಚು ಕಡಿಮೆಯಾದರೂ ಮೇಜು ನಿಮ್ಮ ಮಾತು ಕೇಳದೆ ಒಮ್ಮೆಲೇ ಮಗುಚುತ್ತದೆ. ನಾನು ಭಾವನಿಗಿಂತ ನಾಲ್ಕು ಬೆರಳು ಎತ್ತರ. ಅವರ ಅಳತೆಯಲ್ಲೇ ಹತ್ತಿದ್ದರಿಂದ ಆ ದಿನ ಅಷ್ಟು ಜೋರಾಗಿ ವಾಲಿದ್ದು. ಹಲಗೆಯ ಕೆಳಗೆ ವಾಲುವ ಕೋನಕ್ಕೆ ಮಿತಿ ಹಾಕುವ ಪಟ್ಟಿ ಇರುತ್ತದೆ, ಅದನ್ನು ಕಟ್ಟದೆ ಹತ್ತಬಾರದು. ಹರಡಿನ ಹಿಡಿ ಬಿಗಿದಿದೆಯೇ ಎಂದು ಕೈಯಿಂದ ಎಳೆದು ನೋಡಿ, ಇನ್ನೊಮ್ಮೆ ನೋಡಿ. ಶೂ ಹಾಕಿಕೊಂಡಿದ್ದರೆ ಒಳ್ಳೆಯದು. ಊಟವಾಗಿ ಎರಡು ಗಂಟೆಯಾದರೂ ಆಗಿರಲಿ. ಮೊದಲ ವಾರ 15-20 ಡಿಗ್ರಿ, ಒಂದು ನಿಮಿಷ, ಅಷ್ಟೇ ಸಾಕು. ತಲೆ ಭಾರವಾದರೆ, ಕಣ್ಣು ಒತ್ತಿದಂತಾದರೆ ಇಳಿಯಿರಿ. ಏಳುವಾಗ ಅಡ್ಡಕ್ಕೆ ಬಂದಲ್ಲಿ ಅರ್ಧ ನಿಮಿಷ ತಂಗಿ, ಆಮೇಲೆ ನೆಟ್ಟಗಾಗಿ. ಮತ್ತು ಒಬ್ಬರೇ ಇದ್ದಾಗ ಬೇಡವೇ ಬೇಡ. ಒಂದು ಸಲ ಅಕ್ಕ ತರಕಾರಿ ತರಲು ಹೋಗಿದ್ದಾಗ ಭಾವ ಹಿಂದಕ್ಕೆ ಬರಲಾಗದೆ ಅವಳು ಬರುವವರೆಗೆ ಹಾಗೇ ಇರಬೇಕಾಯಿತಂತೆ. ಆವತ್ತಿನಿಂದಲೇ ಟವೆಲ್ಲುಗಳು ಅದರ ಮೇಲೆ ಬಂದು ಕೂತಿರುವುದು.

ಬರೀ ಭಾರ ಇಳಿಸುವುದೇ ಬೇಕಿದ್ದರೆ ಕಾಸು ಖರ್ಚಿಲ್ಲದ ದಾರಿ ಇದೆ. ನೆಲಕ್ಕೆ ಚಾಪೆ ಹಾಸಿ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ತೊಡೆ ನೆಟ್ಟಗೆ, ಮಂಡಿ ಮಡಚಿರಲಿ. ಹತ್ತು ನಿಮಿಷ. ಗಗನಯಾತ್ರಿಗಳು ಮುದುಡುವುದಕ್ಕೂ ಇದಕ್ಕೂ ಹತ್ತಿರದ ನೆಂಟಸ್ತನ. ಎದ್ದ ಮೇಲೆ ಟಿ.ವಿ. ಮುಂದೆ ಕೂರದೆ ಆ ಬಿಡುವಿನಲ್ಲೇ ನಾಲ್ಕು ಹೆಜ್ಜೆ ನಡೆಯಬೇಕು. ನೇತಾಡಿದವರಿಗೂ ಈ ಮಾತು ಅನ್ವಯ. ಸಿಕ್ಕ ಅರ್ಧ ಗಂಟೆಯನ್ನು ನಾನು ಊಟಕ್ಕೆ ಕೂತು ಕಳೆದುಕೊಂಡೆ. ಭಾವ ಈಗ ಕುಕ್ಕರಹಳ್ಳಿ ಕೆರೆಗೆ ದಿನಾ ಬೆಳಿಗ್ಗೆ ಒಂದು ಸುತ್ತು ಹಾಕುತ್ತಾರೆ. ಸೊಂಟದ ದೂರು ಪೂರ್ತಿ ಹೋಗಿಲ್ಲ, ಅರ್ಧ ಇಳಿದಿದೆ.

ಕೊನೆಗೆ ಒಂದು ಮಾತು, ಇದನ್ನು ಮನೆಯ ಹಿರಿಯರಿಗೂ ಓದಿ ಹೇಳಿ. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಮಲದ ಮೇಲೆ ಹತೋಟಿ ಹೋದರೆ, ಕೂರುವ ಜಾಗ, ತೊಡೆಯ ಒಳಭಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ ಮೇಜು, ಎಣ್ಣೆ, ಆಸನ ಎಲ್ಲವನ್ನೂ ಬಿಟ್ಟು ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗಿ. ಮರುದಿನಕ್ಕೆ ಕಾಯಬೇಡಿ.